ಮೊಸಾಯಿಕ್ ನೆಲದಲ್ಲಿ ನಾಲ್ಕು ತೂತು

ನಮ್ಮ ಮನೆಯಲ್ಲಿ ಯಾವ ಸಾಮಾನೂ ನೆಲದ ಮೇಲೆ ಇರುವುದಿಲ್ಲ. ಅಕ್ಕಿ ಡಬ್ಬ ಕಡಪಾ ಕಲ್ಲಿನ ಮೇಲೆ, ಇನ್ವರ್ಟರ್ ಬ್ಯಾಟರಿ ಕಬ್ಬಿಣದ ಸ್ಟ್ಯಾಂಡಿನ ಮೇಲೆ, ಮಗಳ ಹಳೆಯ ಶಾಲಾ ಪುಸ್ತಕಗಳು ಬೀರುವಿನ ನೆತ್ತಿಯ ಮೇಲೆ. ನಾವಿರುವುದು ನುಂಗಂಬಾಕ್ಕಂನ ಒಂದು ಹಳೆಯ ಬೀದಿಯಲ್ಲಿ, ಅದೂ ಮೂರನೇ ಮಹಡಿಯಲ್ಲಿ. ಅಲ್ಲಿಯವರೆಗೆ ನೀರು ಬರಬೇಕಾದರೆ ಅರ್ಧ ಚೆನ್ನೈ ಮುಳುಗಿರಬೇಕು. ಮಗಳು ಇದನ್ನು ಎಷ್ಟೋ ಸಲ ಹೇಳಿದ್ದಾಳೆ. ನಾನು ಕನ್ನಡದಲ್ಲಿ ಬೈಯುತ್ತೇನೆ, ಅವಳು ತಮಿಳಿನಲ್ಲಿ ಉತ್ತರ ಕೊಡುತ್ತಾಳೆ. ಇಬ್ಬರಿಗೂ ಅರ್ಥವಾಗುತ್ತದೆ, ಇಬ್ಬರೂ ಬದಲಾಗುವುದಿಲ್ಲ.

ನಾನು ಸರ್ವರ್‌ಗಳನ್ನು ನೋಡಿಕೊಳ್ಳುವವಳು. ತುಮಕೂರಿನ ಕಡೆಯಿಂದ ಮದುವೆಯಾಗಿ ಈ ಊರಿಗೆ ಬಂದು ಇಪ್ಪತ್ತು ವರ್ಷದ ಮೇಲಾಯಿತು. ಅದರಲ್ಲಿ ಹೆಚ್ಚಿನ ವರ್ಷಗಳನ್ನು ಸಣ್ಣ ಕಚೇರಿ, ಕ್ಲಿನಿಕ್ಕುಗಳ ಹಿಂದಿನ ಕೋಣೆಗಳಲ್ಲಿ ಕಳೆದಿದ್ದೇನೆ. ಜನ ಮೇಜಿನ ಕೆಳಗೆ ತಳ್ಳಿ ಮರೆತುಬಿಟ್ಟ ಯಂತ್ರಗಳನ್ನು ಎತ್ತಿ, ಕೂರಿಸಬೇಕಾದ ಕಡೆ ಕೂರಿಸಿ, ತಿಂಗಳಿಗೊಮ್ಮೆ ಹೋಗಿ ಧೂಳು ತೆಗೆದು, ಸೋತ ಭಾಗಗಳನ್ನು ಬದಲಿಸಿ ಬರುವುದು ನನ್ನ ಕೆಲಸ. ಸರ್ವರ್ ಎಂದರೆ ಬೇರೇನೂ ಅಲ್ಲ, ಕಚೇರಿಯ ಉಳಿದ ಕಂಪ್ಯೂಟರ್‌ಗಳು ಕೊಟ್ಟದ್ದನ್ನು ಇಟ್ಟುಕೊಂಡು ಕೇಳಿದಾಗ ತೆಗೆದುಕೊಡುವ ದೊಡ್ಡ ಕಂಪ್ಯೂಟರ್. ಯಾವಾಗಲೂ ಎಚ್ಚರವಾಗಿರಬೇಕು ಎಂಬುದೊಂದೇ ಅದರ ಕಷ್ಟ. ಆ ಕಷ್ಟ ನನಗೂ ಅಂಟಿಕೊಂಡಿದೆ.

ಪೋರೂರಿನ ಒಂದು ಸ್ಕ್ಯಾನ್ ಸೆಂಟರ್ ನನ್ನ ಹಳೆಯ ಗಿರಾಕಿ. ಅದನ್ನು ನಡೆಸುವ ಡಾಕ್ಟರ್ ನನಗಿಂತ ಸ್ವಲ್ಪ ಹಿರಿಯ ಹೆಂಗಸು, ಮಾತು ಕಡಿಮೆ. ಆಗ ಅವರ ಸೆಂಟರ್ ಕೆರೆಯ ಹತ್ತಿರ, ನೆಲಮಹಡಿಯಲ್ಲಿತ್ತು. ಆ ದೊಡ್ಡ ಮಳೆಯ ವರ್ಷ ನೀರು ಬಂದಾಗ ಸರ್ವರ್ ನೆಲದಿಂದ ಒಂದು ಗೇಣು ಎತ್ತರದಲ್ಲಿತ್ತು. ನಾನು ಸೊಂಟದ ಮಟ್ಟದ ನೀರಿನಲ್ಲಿ ನಡೆದು ಅಲ್ಲಿಗೆ ಮುಟ್ಟುವ ಹೊತ್ತಿಗೆ ಅದರ ಮೇಲೆ ಯಾರದೋ ಮನೆಯ ಪ್ಲಾಸ್ಟಿಕ್ ಕೊಡ ತೇಲುತ್ತಿತ್ತು. ಏಳು ವರ್ಷಗಳ ಸ್ಕ್ಯಾನ್ ಚಿತ್ರಗಳು ಅದರೊಳಗಿದ್ದವು. ನಕಲು ತೆಗೆದ ಡಿಸ್ಕನ್ನು ನಾನು ಎಲ್ಲಿ ಇಟ್ಟಿದ್ದೆ ಎಂದರೆ, ಅದರ ಪಕ್ಕದಲ್ಲೇ, ಅದೇ ಮೇಜಿನ ಕೆಳಗೆ.

ಯಂತ್ರ ಹೋದದ್ದಕ್ಕೆ ನಾನು ಅಳಲಿಲ್ಲ. ಅಳು ಬಂದದ್ದು ಎರಡು ತಿಂಗಳ ನಂತರ, ಸೆಂಟರ್ ಮತ್ತೆ ತೆರೆದಾಗ. ಶ್ವಾಸಕೋಶದಲ್ಲಿ ಸಣ್ಣ ಗಂಟು ಇದ್ದ ಒಬ್ಬರು ಬಂದರು. ಆರು ತಿಂಗಳಿಗೊಮ್ಮೆ ಬಂದು ಅದು ಬೆಳೆದಿದೆಯೋ ಇಲ್ಲವೋ ಎಂದು ತಿಳಿದುಕೊಂಡು ಹೋಗುವವರು. ಹೊಸ ಚಿತ್ರ ತೆಗೆದಾಯಿತು. ಪಕ್ಕದಲ್ಲಿಟ್ಟು ನೋಡಲು ಹಳೆಯದಿಲ್ಲ. ಇಂದು ಗಂಟು ಇಷ್ಟು ದೊಡ್ಡದಿದೆ ಎಂದು ಡಾಕ್ಟರ್ ಹೇಳಬಹುದಿತ್ತು, ಬೆಳೆದಿದೆಯೇ ಎಂದು ಹೇಳುವಂತಿರಲಿಲ್ಲ. ಆ ಮನುಷ್ಯ ಸಿಟ್ಟು ಮಾಡಿಕೊಳ್ಳಲಿಲ್ಲ, ಇನ್ನಾರು ತಿಂಗಳು ಕಾಯುತ್ತೇನೆ ಎಂದು ಚಪ್ಪಲಿ ಮೆಟ್ಟಿಕೊಂಡು ಹೋದರು. ನಾನು ಒಳಗಿನ ಕೋಣೆಯಲ್ಲಿ ನಿಂತು ಅತ್ತೆ. ಇನ್ನು ಮುಂದೆ ನನ್ನ ಕೈಯಲ್ಲಿರುವ ಯಾವ ಚಿತ್ರವನ್ನೂ ನೀರು ಮುಟ್ಟಬಾರದು ಎಂದು ಅಂದೇ ತೀರ್ಮಾನಿಸಿದೆ.

ಸೆಂಟರಿಗೆ ಹೊಸ ಜಾಗ ಹುಡುಕುವಾಗ ಡಾಕ್ಟರ್ ಒಂದೇ ಷರತ್ತು ಹಾಕಿದ್ದರು, ಮೇಲಿನ ಮಹಡಿಯಾಗಬೇಕು. ಎರಡು ಬೀದಿ ಆಚೆ ಒಂದು ಮನೆಯ ಮೊದಲ ಮಹಡಿ ಸಿಕ್ಕಿತು. ಮನೆಯ ಯಜಮಾನರಿಗೆ ಎಂಬತ್ತರ ಹತ್ತಿರ, ಹಣೆಯ ತುಂಬ ವಿಭೂತಿ. ನನ್ನ ಹೆಸರು ಕೇಳಿದ ಕೂಡಲೆ ಕನ್ನಡಕ್ಕೆ ತಿರುಗಿದರು. ಅವರ ತಾತ ಕೊಳ್ಳೇಗಾಲದ ಕಡೆಯಿಂದ ಜವಳಿ ವ್ಯಾಪಾರಕ್ಕೆಂದು ಬಂದವರಂತೆ. ಕನ್ನಡ ಮೂರು ತಲೆಮಾರು ಮನೆಯೊಳಗೇ ಉಳಿದು, ಹೊರಗಿನ ತಮಿಳಿನ ಜೊತೆ ಸಂಸಾರ ಮಾಡಿತ್ತು. ಅವರು ನೆಲವನ್ನು ‘ತರೆ’ ಎನ್ನುತ್ತಿದ್ದರು, ತೂತನ್ನು ‘ಓಟೆ’ ಎನ್ನುತ್ತಿದ್ದರು. ಈ ಎರಡು ಪದಗಳನ್ನು ನಾನು ಮೊದಲ ದಿನವೇ ಕಲಿತೆ, ಏಕೆಂದರೆ ಅವರ ಮೊದಲ ಮಾತೇ ಅದು.

“ಬಾಡಿಗೆ ವಿಷ್ಯ ಡಾಕ್ಟ್ರಮ್ಮನ ಹತ್ರ ಮಾತಾಡಿದೀನಿ. ನಿಂಗೆ ಒಂದೇ ಹೇಳೋದು ಕಣವ್ವ. ಗೋಡೇಲಿ ಒಂದು ಆಣಿ ಹೊಡೀಬಾರ್ದು, ತರೇಲಿ ಒಂದು ಓಟೆ ಹಾಕ್ಬಾರ್ದು.”

ಈ ಊರಿನಲ್ಲಿ ಬಾಡಿಗೆಗೆ ಇದ್ದವರಿಗೆ ಇದು ಹೊಸದಲ್ಲ. ಕ್ಯಾಲೆಂಡರ್ ತೂಗುಹಾಕಲು ಒಂದು ಮೊಳೆ ಹೊಡೆದು ಮಾಲೀಕರ ಜೊತೆ ಮಾತು ಬಿಟ್ಟ ಸಂಸಾರಗಳು ನನಗೆ ಗೊತ್ತು. ಆದರೆ ಇವರ ಹಟಕ್ಕೆ ಬೇರೆ ಕಾರಣವಿತ್ತು. ಆ ಮಹಡಿಯ ನೆಲ ಮೊಸಾಯಿಕ್, ಬಿಳಿ, ಹಸಿರು, ಕಪ್ಪು ಕಲ್ಲಿನ ಚೂರುಗಳದ್ದು. ಯಾವ ಬಣ್ಣ ಎಷ್ಟು ಬೀಳಬೇಕು ಎಂದು ಅವರ ಹೆಂಡತಿ ಗಾರೆಯವರ ಪಕ್ಕದಲ್ಲೇ ಕೂತು ಹಾಕಿಸಿದ್ದರಂತೆ. ಪಾಲಿಷ್ ಯಂತ್ರ ಓಡಿದ ಅಷ್ಟೂ ದಿನ ಬಿಳಿ ಕೆಸರನ್ನು ತಾವೇ ಬಳಿದಿದ್ದರಂತೆ. ಈಗ ಆ ಅಜ್ಜಿಗೆ ಮೊಣಕಾಲು ಹೋಗಿ, ಕೆಳಗಿನ ಮನೆಯಿಂದ ಮೆಟ್ಟಿಲು ಹತ್ತಿ ವರ್ಷಗಳಾಗಿದ್ದವು. ಸಂಜೆಯಾದರೆ ಗಂಡನನ್ನು ಕೇಳುತ್ತಿದ್ದರು, ಮೇಲಿನ ತರೆ ಹೆಂಗದೆ ಎಂದು. ಯಜಮಾನರು ಕಾವಲು ಕಾಯುತ್ತಿದ್ದದ್ದು ಹೆಂಡತಿಯ ಪರವಾಗಿ.

ಹೊಸ ರ‍್ಯಾಕ್ ಬಂತು. ರ‍್ಯಾಕ್ ಎಂದರೆ ಆಳೆತ್ತರಕ್ಕಿಂತ ಸ್ವಲ್ಪ ಹೆಚ್ಚಿರುವ ಕಬ್ಬಿಣದ ಬೀರು. ಅದರೊಳಗೆ ಯಂತ್ರಗಳನ್ನು ಡ್ರಾಯರಿನ ಹಾಗೆ ಒಂದರ ಮೇಲೊಂದು ಕೂರಿಸುತ್ತಾರೆ; ರಿಪೇರಿಗೆ ಬೇಕಾದಾಗ ಎರಡು ಪಕ್ಕದ ಕಬ್ಬಿಣದ ಹಳಿಗಳ ಮೇಲೆ ಮುಂದಕ್ಕೆ ಎಳೆಯಬಹುದು. ಜೊತೆಗೆ ಬಂದ ಪುಸ್ತಕದ ಮೊದಲ ಪುಟದಲ್ಲೇ ಎಚ್ಚರಿಕೆಗಳಿದ್ದವು. ರ‍್ಯಾಕನ್ನು ನೆಲಕ್ಕೆ ಬೋಲ್ಟ್ ಹಾಕಿ ಕಟ್ಟಿ, ಇಲ್ಲದಿದ್ದರೆ ಮುಂದಕ್ಕೆ ವಾಲದಂತೆ ತಡೆಯುವ ಊರುಗಾಲನ್ನಾದರೂ ಹೊರಗೆ ಚಾಚಿ. ಕೆಳಗಿನಿಂದ ತುಂಬುತ್ತ ಬನ್ನಿ, ಅತಿ ಭಾರದ್ದು ಎಲ್ಲಕ್ಕಿಂತ ಕೆಳಗೆ. ಒಮ್ಮೆಗೆ ಒಂದನ್ನು ಮಾತ್ರ ಹೊರಗೆ ಎಳೆಯಿರಿ. ಪಕ್ಕದಲ್ಲಿ ಒಂದು ಚಿತ್ರ. ಬೀರು ಮುಂದಕ್ಕೆ ವಾಲಿದೆ, ಅದರಡಿ ಒಬ್ಬ ಮುಖವಿಲ್ಲದ ಮನುಷ್ಯ. ಈ ಚಿತ್ರವನ್ನು ನಾನು ನೂರು ಸಲ ನೋಡಿದ್ದೆ, ಹೊಸಬರಿಗೆ ತೋರಿಸಿ ಪಾಠ ಹೇಳಿದ್ದೆ.

ಹೇಳಿದವಳೇ ಎಲ್ಲವನ್ನೂ ತಲೆಕೆಳಗು ಮಾಡಿದೆ. ಬೋಲ್ಟ್ ಹಾಕುವ ಹಾಗಿರಲಿಲ್ಲ, ಯಜಮಾನರು ಬಿಡಲಿಲ್ಲ. ಊರುಗಾಲಿನ ಕಬ್ಬಿಣ ಮೊಸಾಯಿಕ್ ಗೀರುತ್ತದೆ ಎಂದರು, ಅದನ್ನೂ ಒಳಗೆ ಮಡಚಿದೆ. ನಾಲ್ಕು ಕಾಲಿನ ಕೆಳಗೆ ರಬ್ಬರ್ ಮ್ಯಾಟ್ ಹಾಸಿದೆ. ಇಷ್ಟು ಅವರ ಪಾಲು. ಇನ್ನು ನನ್ನ ಪಾಲು. ಕರೆಂಟ್ ಹೋದಾಗ ಯಂತ್ರವನ್ನು ಬದುಕಿಸುವ ಯುಪಿಎಸ್, ಅದರ ಬ್ಯಾಟರಿ ಪೆಟ್ಟಿಗೆ, ಚಿತ್ರಗಳನ್ನೆಲ್ಲ ಇಟ್ಟುಕೊಂಡ ಡಿಸ್ಕುಗಳ ಪೆಟ್ಟಿಗೆ, ಇವು ಮೂರೂ ಭಾರವೆಂದರೆ ಭಾರ. ಒಂದೊಂದನ್ನೂ ಎತ್ತಲು ಇಬ್ಬರು ಬೇಕು. ಆ ಮೂರನ್ನೂ ರ‍್ಯಾಕಿನ ಮೇಲ್ತುದಿಯಲ್ಲಿ ಕೂರಿಸಿದೆ. ಅವುಗಳ ಕೆಳಗೆ ಸರ್ವರ್. ಅದರ ಕೆಳಗೆ ಎದೆಮಟ್ಟದಿಂದ ನೆಲದವರೆಗೆ ಬರೀ ಖಾಲಿ.

ಮೊದಲ ಮಹಡಿ ಅದು. ಕೆಳಗೆ ಇಡೀ ಒಂದು ಮನೆಯ ಎತ್ತರವಿದೆ. ಮೇಲಾಗಿ ಈಗ ದಿನವೂ ತಾನಾಗಿಯೇ ನಕಲು ಆಗುತ್ತಿತ್ತು, ಶನಿವಾರ ಶನಿವಾರ ಒಂದು ಡಿಸ್ಕ್ ನನ್ನ ಚೀಲದಲ್ಲಿ ನುಂಗಂಬಾಕ್ಕಂಗೆ ಬಂದು ಬೀರುವಿನ ಮೇಲೆ ಕೂರುತ್ತಿತ್ತು. ಲೆಕ್ಕ ಹಾಕಿದರೆ ಭಯಪಡಲು ಏನೂ ಇರಲಿಲ್ಲ. ಆದರೆ ಭಯ ಲೆಕ್ಕ ಹಾಕಿ ಬರುವುದಿಲ್ಲವಲ್ಲ. ನನ್ನ ಕಣ್ಣ ಮುಂದೆ ಆ ತೇಲುವ ಕೊಡ ಇತ್ತು. ಡಾಕ್ಟರ್ ಕೂಡ ಬಂದು ನೋಡಿ, ಇನ್ನೂ ಮೇಲೆ ಹೋಗುವುದಿಲ್ಲವೇ ಎಂದು ಕೇಳಿದ್ದರು. ಆ ವರ್ಷ ಪೋರೂರಿನಲ್ಲಿ ಎಲ್ಲರೂ ಹಾಗೇ ಆಗಿದ್ದರು. ನಮ್ಮ ಎಲೆಕ್ಟ್ರಿಷಿಯನ್ ತಾನೇ ಎಷ್ಟೋ ಮನೆಗಳ ಪ್ಲಗ್ ಪಾಯಿಂಟುಗಳನ್ನು ಎದೆಯೆತ್ತರಕ್ಕೆ ಏರಿಸಿದ್ದ.

ಅವನು ನನ್ನ ವಯಸ್ಸಿನವನೇ, ನನ್ನನ್ನು ಅಕ್ಕ ಎನ್ನುತ್ತಾನೆ, ಅದೇ ಬೀದಿಯ ಕೊನೆಯಲ್ಲಿ ಅವನ ಮನೆ. ರ‍್ಯಾಕ್ ತುಂಬಿದ ದಿನ ಭಾರ ಎತ್ತಿಕೊಟ್ಟವನು ಅವನೇ. ಎಲ್ಲ ಮುಗಿದ ಮೇಲೆ ಎರಡು ಹೆಜ್ಜೆ ಹಿಂದೆ ನಿಂತು, ಅಕ್ಕಾ, ತಲೆ ಇಷ್ಟು ದೊಡ್ಡದಾಯಿತಲ್ಲ, ನಿಲ್ಲುತ್ತದೆಯಾ ಎಂದು ತಮಿಳಿನಲ್ಲಿ ಕೇಳಿದ. ನಿನ್ನ ಕೆಲಸ ವೈರು, ಅದನ್ನು ನೋಡು ಎಂದೆ. ನನ್ನ ಬಾಯಿ ಹಾಗೆ. ಸಿಟ್ಟು ಮೊದಲು ಓಡಿಬರುತ್ತದೆ, ಬುದ್ಧಿ ಬಸ್ಸು ಹಿಡಿದು ನಿಧಾನವಾಗಿ ಬರುತ್ತದೆ.

ಮೂರು ವರ್ಷ ಏನೂ ಆಗಲಿಲ್ಲ. ಆ ಮೂರು ವರ್ಷ ನನಗೆ ತುಂಬಾ ಇಷ್ಟವಾದ ವರ್ಷಗಳು ಎಂದರೆ ಸುಳ್ಳಲ್ಲ. ತಿಂಗಳ ಮೊದಲ ಭಾನುವಾರ ಬೆಳಿಗ್ಗೆ, ಸೆಂಟರಿಗೆ ರಜೆ ಇರುವಾಗ, ನಾನು ಹೋಗುತ್ತಿದ್ದೆ. ಚಪ್ಪಲಿ ಹೊರಗೆ ಬಿಟ್ಟು, ಎಸಿ ನೀರು ರ‍್ಯಾಕಿನ ಕಡೆ ತೊಟ್ಟಿಕ್ಕುತ್ತಿಲ್ಲವೇ ನೋಡಿ, ಗಾಳಿ ಒಳಗೆ ಹೋಗುವ ಜಾಲರಿ ಬಿಚ್ಚಿ ಬ್ರಷ್‌ನಿಂದ ಉಜ್ಜಿ, ಪ್ರತಿ ಕೇಬಲ್‌ಗೂ ಕಟ್ಟಿದ ಚೀಟಿ ಓದಿ, ಸ್ಟೂಲ್ ಹತ್ತಿ ಮೇಲಿನ ದೀಪಗಳನ್ನು ನೋಡುತ್ತಿದ್ದೆ. ಎಲ್ಲ ಹಸಿರು ಉರಿಯುತ್ತಿದ್ದರೆ ಒಂದು ಸಮಾಧಾನ. ಫ್ಯಾನುಗಳ ಒಂದೇ ಸಮನಾದ ಸದ್ದು ಕೇಳುತ್ತ ನಿಲ್ಲುವುದು ನನಗೆ ಎಂದೂ ಬೇಸರವೆನಿಸಿಲ್ಲ.

ಯಜಮಾನರು ತಪ್ಪದೆ ಹತ್ತಿ ಬರುತ್ತಿದ್ದರು. ಬಾಗಿಲ ಬಳಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ನಾನು ಹೊರಡುವವರೆಗೂ ನೆಲ ನೋಡುತ್ತಿದ್ದರು. ಬೇರೆಯವರು ಆ ಕೋಣೆಗೆ ಬಂದರೆ ಮಿನುಗುವ ದೀಪ ನೋಡುತ್ತಾರೆ. ಅವರು ಒಂದು ದಿನವೂ ದೀಪ ನೋಡಲಿಲ್ಲ. ಮ್ಯಾಟಿನ ಅಂಚು, ಸ್ಟೂಲಿನ ಕಾಲು, ನನ್ನ ಟೂಲ್ ಬಾಕ್ಸ್ ಇಟ್ಟ ಜಾಗ. ಸ್ಕ್ರೂಡ್ರೈವರ್ ಕೈಜಾರಿ ಬಿದ್ದರೆ ಅವರ ಉಸಿರು ನಿಲ್ಲುತ್ತಿತ್ತು. ಮೊದಮೊದಲು ನನಗೆ ಮೈ ಉರಿಯುತ್ತಿತ್ತು. ಕಳ್ಳಿಯನ್ನು ಕಾಯುವ ಹಾಗೆ ಕಾಯುತ್ತಾರಲ್ಲ ಎಂದು ಮನೆಯಲ್ಲಿ ದೂರುತ್ತಿದ್ದೆ. ಆಮೇಲೆ ಅಭ್ಯಾಸವಾಯಿತು. ಹೋಗುವಾಗ ಕೆಳಗೆ ಅಜ್ಜಿ ಫಿಲ್ಟರ್ ಕಾಫಿ ಕೊಡುತ್ತಿದ್ದರು. ಬೇರೆ ಆಸ್ಪತ್ರೆಯಲ್ಲಿ ತೆಗೆಸಿ ಡಾಕ್ಟರಿಗೆ ಕೊಟ್ಟಿದ್ದ ಅವರ ಮೊಣಕಾಲಿನ ಚಿತ್ರಗಳೂ ನನ್ನ ಪೆಟ್ಟಿಗೆಯಲ್ಲೇ ಇದ್ದವು. ನನ್ನ ಮೂಳೆ ಭದ್ರವಾಗಿ ಅದೆ ತಾನೆ ಎಂದು ಕೇಳುತ್ತಿದ್ದರು. ಎಲ್ಲಕ್ಕಿಂತ ಎತ್ತರದಲ್ಲಿದೆ ಅಜ್ಜಿ ಎಂದು ನಾನು ಹೆಮ್ಮೆಯಿಂದ ಹೇಳುತ್ತಿದ್ದೆ.

ಅಂಥ ಒಂದು ಭಾನುವಾರ. ಡಿಸ್ಕುಗಳ ಪೆಟ್ಟಿಗೆಯ ಒಂದು ಫ್ಯಾನು ಕೆಮ್ಮುತ್ತಿತ್ತು, ಬದಲಿಸಬೇಕಿತ್ತು. ಯುಪಿಎಸ್ ಬ್ಯಾಟರಿಗೂ ಅವಧಿ ಮುಗಿದಿತ್ತು, ಅದಕ್ಕೆಂದು ಎಲೆಕ್ಟ್ರಿಷಿಯನ್ ಬಂದಿದ್ದ. ಒಂದೇ ದಿನ ಎರಡೂ ಮುಗಿಸಿಬಿಡೋಣ ಎಂಬ ನನ್ನ ಅವಸರ. ಸರ್ವರನ್ನು ಕ್ರಮವಾಗಿ ಮಲಗಿಸಿ, ಎರಡೂ ಕಡೆಯ ವಿದ್ಯುತ್ ತಂತಿ ಕಿತ್ತು, ಮೈಯ ವಿದ್ಯುತ್ ಯಂತ್ರಕ್ಕೆ ಹರಿಯದಂತೆ ಮಣಿಕಟ್ಟಿಗೆ ಅರ್ತಿಂಗ್ ಪಟ್ಟಿ ಕಟ್ಟಿಕೊಂಡು, ಸ್ಟೂಲ್ ಹತ್ತಿ ಡಿಸ್ಕ್ ಪೆಟ್ಟಿಗೆಯನ್ನು ಹಳಿಯ ಮೇಲೆ ಪೂರ್ತಿ ಎಳೆದೆ. ಅದು ನನ್ನ ಎದೆಯ ಮುಂದೆ ಗಾಳಿಯಲ್ಲಿ ನಿಂತಿತು. ತಲೆ ಬಗ್ಗಿಸಿ ಫ್ಯಾನಿನ ಕ್ಲಿಪ್ಪು ಹುಡುಕುತ್ತಿದ್ದೆ. ಮಗ್ಗುಲಲ್ಲಿ ಇನ್ನೊಂದು ಸ್ಟೂಲಿನ ಮೇಲಿದ್ದ ಎಲೆಕ್ಟ್ರಿಷಿಯನ್, ನನ್ನನ್ನು ಕೇಳದೆ, ಮೇಲಿನ ಬ್ಯಾಟರಿ ಪೆಟ್ಟಿಗೆಯನ್ನೂ ಅರ್ಧ ಎಳೆದ.

“ಅಮ್ಮಾ,” ಬಾಗಿಲ ಕಡೆಯಿಂದ ಯಜಮಾನರ ದನಿ ಬಂತು. “ಹಿಂದಿನ ಕಾಲು ಎದ್ದದೆ.”

ದನಿಯಲ್ಲಿ ಗಾಬರಿ ಇರಲಿಲ್ಲ. ಮ್ಯಾಟ್ ಸರಿದಿದೆ ಎಂದು ಹೇಳುವ ದನಿಯೇ ಅದು. ಅದಕ್ಕೇ ಒಂದು ಕ್ಷಣ ನನಗೆ ತಿಳಿಯಲಿಲ್ಲ. ಆಮೇಲೆ ಎದುರಿನ ಕಬ್ಬಿಣ ನನ್ನ ಹಣೆಗೆ ಮೊದಲಿಗಿಂತ ಹತ್ತಿರ ಇರುವುದು ಕಂಡಿತು. ಇಡೀ ರ‍್ಯಾಕ್ ನನ್ನ ಕಡೆಗೆ ಬರುತ್ತಿತ್ತು, ಯಾವ ಸದ್ದೂ ಇಲ್ಲದೆ, ಬಲು ನಿಧಾನವಾಗಿ. ನಾವಿಬ್ಬರೂ ಮೇಲೆ ನೋಡುತ್ತಿದ್ದೆವು. ಕೆಳಗೆ ನೋಡುತ್ತಿದ್ದವರು ಅವರೊಬ್ಬರೇ.

ಬ್ಯಾಟರಿ ಒಳಗೆ ತಳ್ಳು, ಮೆಲ್ಲಗೆ, ಎಂದೆ. ಅವನು ತಳ್ಳಿದ. ನನ್ನ ಪೆಟ್ಟಿಗೆ ಒಳಗೆ ಹೋಗಬೇಕಾದರೆ ಎರಡು ಬದಿಯ ಎರಡು ಸಣ್ಣ ಗುಂಡಿಗಳನ್ನು ಒಟ್ಟಿಗೆ ಒತ್ತಬೇಕು. ಸಾವಿರ ಸಲ ಒತ್ತಿದ ಬೆರಳಿಗೆ ಅವು ಸಿಗಲಿಲ್ಲ. ಕೊನೆಗೆ ಸಿಕ್ಕಿದವು. ಪೆಟ್ಟಿಗೆ ಜಾರಿ ಒಳಗೆ ಹೋಯಿತು, ಹಿಂದಿನ ಕಾಲು ಠಕ್ ಎಂದು ನೆಲಕ್ಕೆ ಬಂತು. ನಾನು ಸ್ಟೂಲಿನಿಂದ ಇಳಿದು, ಮೊದಲ ಸಲ ಆ ನೆಲದ ಮೇಲೆ ಕೂತೆ. ತಣ್ಣಗಿತ್ತು.

ಬಾಯಿ ಮಾತ್ರ ಸುಮ್ಮನೆ ಕೂರಲಿಲ್ಲ. ಕೇಳದೆ ಹೇಗೆ ಎಳೆದೆ ಎಂದು ಎಲೆಕ್ಟ್ರಿಷಿಯನ್ ಮೇಲೆ ತಮಿಳಿನಲ್ಲಿ ಹರಿಹಾಯ್ದೆ. ಅವನು ಎಲ್ಲ ಕೇಳಿಸಿಕೊಂಡು, ಅಕ್ಕಾ, ಎಳೆದದ್ದು ತಪ್ಪು, ಆದರೆ ತಲೆ ದೊಡ್ಡದಾಯಿತು ಅಂತ ಆವತ್ತೇ ಕೇಳಿದ್ದೆನಲ್ಲ ಎಂದ. ಅಷ್ಟೇ ಅಂದದ್ದು. ಆಗ ನನ್ನ ಬುದ್ಧಿ ಬಸ್ಸಿನಿಂದ ಇಳಿಯಿತು. ಮೊದಲ ಪುಟದ ಆ ಮುಖವಿಲ್ಲದ ಮನುಷ್ಯ ನೆನಪಾದ. ನೀರು ಬಾರದ ಜಾಗದಲ್ಲಿ ನೀರಿಗೆ ಹೆದರಿ, ಪಕ್ಕದಲ್ಲೇ ನಿಂತಿದ್ದ ಭಾರವನ್ನು ನಾನು ಮರೆತಿದ್ದೆ. ಅದೂ ನನ್ನೊಬ್ಬಳ ತಲೆಯ ಮೇಲಲ್ಲ, ಅವನ ತಲೆಯ ಮೇಲೂ ಇಟ್ಟಿದ್ದೆ. ಅವನ ಮುಂದೆಯೇ ತಪ್ಪು ನನ್ನದು ಎಂದೆ. ಅವನು ಮುಜುಗರಗೊಂಡು ಸ್ಪ್ಯಾನರ್ ಹುಡುಕಲು ಹೋದ.

ಯಜಮಾನರು ಕುರ್ಚಿಯಿಂದ ಎದ್ದು ಬಂದು, ಬಗ್ಗಿ, ಹಿಂದಿನ ಕಾಲು ಬಿದ್ದ ಜಾಗವನ್ನು ಬೆರಳಿನಿಂದ ಸವರಿದರು. ಮ್ಯಾಟ್ ಸರಿದಿತ್ತು. ಎಳ್ಳಿನಷ್ಟು ಒಂದು ಹಸಿರು ಚೂರು ಎದ್ದುಬಂದಿತ್ತು. ಅದನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡು ನನ್ನ ಕಡೆ ನೋಡಿದರು. ಈಗ ಶುರುವಾಗುತ್ತದೆ ಎಂದುಕೊಂಡೆ. ಕೈಗೆ ಏನಾದರೂ ಆಯಿತಾ ಎಂದು ಕೇಳಿದರು. ಇಲ್ಲ ಎಂದೆ. ಸರಿ, ಕೆಳಗೆ ಬಂದು ಕಾಫಿ ಕುಡಿ ಎಂದು ಇಳಿದು ಹೋದರು.

ಅಂದೇ ಡಾಕ್ಟರಿಗೆ ಫೋನ್ ಮಾಡಿದೆ. ಅವರಿಗೆ ಮೊದಲು ಸಿಟ್ಟು ಬಂದದ್ದು ಯಜಮಾನರ ಮೇಲೆ, ಬೋಲ್ಟ್ ಹಾಕಲು ಬಿಟ್ಟಿದ್ದರೆ ಹೀಗಾಗುತ್ತಿತ್ತೇ ಎಂದು. ಹೌದು ಎಂದುಬಿಟ್ಟಿದ್ದರೆ ನಾನು ಸುಲಭವಾಗಿ ಪಾರಾಗುತ್ತಿದ್ದೆ. ಒಪ್ಪುತ್ತೇನೆ, ಒಂದು ಗಳಿಗೆ ಆಸೆಯೂ ಆಯಿತು. ಆದರೆ ಮೇಲಿನಿಂದ ತುಂಬಿದ್ದು ನಾನು. ಅದನ್ನೇ ಹೇಳಿದೆ. ಅವರು, ಇನ್ನೂ ಮೇಲೆ ಹೋಗುವುದಿಲ್ಲವಾ ಅಂತ ಕೇಳಿದ್ದು ನಾನೂ ಹೌದಲ್ಲ ಎಂದರು. ಹಾಗೆ ನಮ್ಮಿಬ್ಬರ ನಡುವೆ ಆ ಕೊಡ ಒಂದು ಸಲ ತೇಲಿ ಹೋಯಿತು.

ಕಾಫಿಗೆ ಹೋದಾಗ ಸುದ್ದಿ ಅಜ್ಜಿಗೆ ಮುಟ್ಟಿಯಾಗಿತ್ತು. ಹಸಿರು ಚೂರು ಅವರ ಮುಂದೆ ಒಂದು ಸ್ಟೀಲ್ ತಟ್ಟೆಯಲ್ಲಿತ್ತು. ನಾನು ಕ್ಷಮೆ ಕೇಳಿದೆ. ಇನ್ನು ಭಾರವನ್ನೆಲ್ಲ ಕೆಳಗಿಳಿಸುತ್ತೇನೆ, ಊರುಗಾಲಿನ ಕೆಳಗೆ ದಪ್ಪ ರಬ್ಬರ್ ಇಟ್ಟು ಚಾಚುತ್ತೇನೆ, ನೆಲ ಗೀರುವುದಿಲ್ಲ ಎಂದೆ. ಅಷ್ಟು ಸಾಕಾ ಎಂದು ಅಜ್ಜಿ ಕೇಳಿದರು. ಪುಸ್ತಕದಲ್ಲಿ ಬೋಲ್ಟ್ ಹಾಕಿ ಎಂದಿದೆ, ಆದರೆ ಬೇಡ ಎಂದೆ. ಅವರು ಗಂಡನ ಕಡೆ ತಿರುಗಿದರು.

“ಅದು ಈ ಮಗು ಮೇಲೆ ಬಿದ್ದಿದ್ರೆ, ಆ ತರೆ ಇಟ್ಕೊಂಡು ನಾನು ಏನ್ ಮಾಡ್ಬೇಕಿತ್ತು? ಓಟೆ ಹಾಕ್ಲಿ ಬಿಡಿ.”

ಐವತ್ತರ ಹತ್ತಿರದ ನನ್ನನ್ನು ಮಗು ಎಂದವರು ಈ ಊರಿನಲ್ಲಿ ಬೇರೆ ಯಾರೂ ಇಲ್ಲ. ಕಾಫಿ ಲೋಟದ ಹಿಂದೆ ಮುಖ ಮುಚ್ಚಿಕೊಂಡೆ.

ಮುಂದಿನ ಭಾನುವಾರ ರ‍್ಯಾಕನ್ನು ಖಾಲಿ ಮಾಡಿದೆವು. ಯಂತ್ರಗಳನ್ನು ಪಕ್ಕದ ಕೋಣೆಗೆ ಒಯ್ದು ಬೆಡ್‌ಶೀಟ್ ಹೊದಿಸಿದೆವು, ಏಕೆಂದರೆ ಕಲ್ಲಿನ ಪುಡಿ ಫ್ಯಾನಿನೊಳಗೆ ಹೋದರೆ ಮತ್ತೆ ಹೊರಗೆ ಬರುವುದಿಲ್ಲ. ಯಜಮಾನರು ಸೀಮೆಸುಣ್ಣ ಹಿಡಿದು ಬಂದರು. ಗುರುತು ತಾವೇ ಹಾಕುವುದಾಗಿ ಹೇಳಿದರು. ನಾನು ಹಾಳೆಯಲ್ಲಿ ಅಳತೆ ಬರೆದುಕೊಟ್ಟೆ, ಅವರು ಟೇಪ್ ಹಿಡಿದು, ಮೊಣಕಾಲೂರಿ, ಆದಷ್ಟು ಕಪ್ಪು ಚೂರುಗಳ ಮೇಲೆ ಬೀಳುವ ಹಾಗೆ ನಾಲ್ಕು ಸೊನ್ನೆ ಬರೆದರು. ಡ್ರಿಲ್ ಶುರುವಾದಾಗ ನಾನು ಪಕ್ಕದಲ್ಲೇ ವ್ಯಾಕ್ಯೂಮ್ ಕ್ಲೀನರ್ ಹಿಡಿದು ಕೂತೆ. ಮೊದಲ ತೂತಿಗೆ ಅವರು ಕಣ್ಣು ಮುಚ್ಚಿಕೊಂಡಿದ್ದರು. ನಾಲ್ಕನೆಯದರ ಹೊತ್ತಿಗೆ ಎಲೆಕ್ಟ್ರಿಷಿಯನ್‌ಗೆ ಡ್ರಿಲ್ ನೇರ ಹಿಡಿ ಎಂದು ಹೇಳಿಕೊಡುತ್ತಿದ್ದರು. ಕೊನೆಗೆ ಬಣ್ಣದ ಪುಡಿಯನ್ನು ಒಂದು ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಂಡು ಕೆಳಗೆ ಒಯ್ದರು.

ಈ ಸಲ ಪುಸ್ತಕ ಹೇಳಿದ ಹಾಗೇ ಮಾಡಿದೆ. ಎಲ್ಲಕ್ಕಿಂತ ಕೆಳಗೆ ಬ್ಯಾಟರಿ, ಅದರ ಮೇಲೆ ಯುಪಿಎಸ್, ಆಮೇಲೆ ಡಿಸ್ಕ್ ಪೆಟ್ಟಿಗೆ, ಆಮೇಲೆ ಸರ್ವರ್. ತುದಿಯಲ್ಲಿ ಹಗುರವಾದ ಒಂದೆರಡು ಸಣ್ಣ ಪೆಟ್ಟಿಗೆ. ಖಾಲಿ ಉಳಿದ ಕಡೆ ಬಿಸಿಗಾಳಿ ತಿರುಗಿ ಬರದ ಹಾಗೆ ಮುಚ್ಚಳ. ಒಂದು ಪೆಟ್ಟಿಗೆ ಹೊರಗಿದ್ದರೆ ಇನ್ನೊಂದನ್ನು ಮುಟ್ಟಬಾರದು ಎಂದು ತಮಿಳಿನಲ್ಲಿ ದೊಡ್ಡದಾಗಿ ಬರೆದು ಬಾಗಿಲಿಗೆ ಅಂಟಿಸಿದೆ. ಇನ್ನು ಸ್ಟೂಲ್ ಬೇಕಿರಲಿಲ್ಲ. ನಾನೇ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಕೆಲಸ ಮಾಡತೊಡಗಿದೆ. ಎಲ್ಲ ಚೆನ್ನಾಗಿತ್ತು. ಆದರೆ ಮನೆಗೆ ಬಂದರೆ ಒಂದೇ ಯೋಚನೆ. ಅಜ್ಜಿಯ ಮೂಳೆ, ಆ ಗಂಟಿನ ಮನುಷ್ಯನ ಶ್ವಾಸಕೋಶ, ಎಲ್ಲ ಈಗ ನೆಲದಿಂದ ಒಂದು ಮೊಳ ಎತ್ತರದಲ್ಲಿವೆ.

ಎರಡು ಮಳೆಗಾಲ ಹಗುರವಾಗಿ ಕಳೆದವು. ಮೂರನೆಯದು ಹಾಗಿರಲಿಲ್ಲ. ಎರಡು ದಿನ ಬಿಡದೆ ಸುರಿಯಿತು. ಕರೆಂಟ್ ತೆಗೆದರು. ಹಿಂದಿನ ಮಧ್ಯಾಹ್ನವೇ ನಾನು ಮನೆಯಿಂದ ಸರ್ವರನ್ನು ಕ್ರಮವಾಗಿ ಮಲಗಿಸಿದ್ದೆ, ಎಲೆಕ್ಟ್ರಿಷಿಯನ್ ಹೋಗಿ ಮೇನ್ ಸ್ವಿಚ್ ಆರಿಸಿ ಬಂದಿದ್ದ. ಬೀರುವಿನ ಮೇಲೆ ನಕಲು ಇತ್ತು. ಇಷ್ಟೆಲ್ಲ ಇದ್ದರೂ ಬೆಳಿಗ್ಗೆ ಎದ್ದವಳೇ ರೇನ್‌ಕೋಟ್ ಹಾಕಿಕೊಂಡೆ. ಹೋಗಿ ಡಿಸ್ಕ್ ಪೆಟ್ಟಿಗೆಯನ್ನಾದರೂ ಮೇಜಿನ ಮೇಲೆ ಇಟ್ಟು ಬರುತ್ತೇನೆ ಎಂದೆ. ರೈಲು ಇಲ್ಲ, ಬಸ್ಸಿಲ್ಲ, ಪೋರೂರಿನ ಕಡೆಯ ರಸ್ತೆಯಲ್ಲೂ ನೀರು. ಮಗಳು ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಅದು ಮೊದಲ ಮಹಡಿ, ನೀನು ನಡೆಯುವುದು ನೆಲದ ಮೇಲೆ, ಮುಳುಗುವುದು ಯಾರು ಎಂದು ಕೇಳಿದಳು. ಅವಳು ಹೇಳಿದ್ದು ಸರಿ. ಆದರೂ ನಾನು ಬಾಗಿಲ ಚಿಲಕಕ್ಕೆ ಕೈ ಹಾಕಿದೆ.

ಆಗ ಯಜಮಾನರ ಫೋನ್ ಬಂತು. ನೀರು ಎಲ್ಲಿಯವರೆಗೆ ಬಂದಿದೆ ಎಂದೆ, ಹೇಗಿದ್ದೀರಿ ಎಂದು ಕೂಡ ಕೇಳದೆ. ಮೂರನೇ ಮೆಟ್ಟಿಲಿಗೆ ಬಂದಿದೆ, ಕೆಳಗಿನ ಮನೆಯೊಳಗೆ ಮೊಣಕಾಲಿನ ಮಟ್ಟ ಇದೆ ಎಂದರು. ಎಲೆಕ್ಟ್ರಿಷಿಯನ್ ಮತ್ತು ಎದುರುಮನೆಯವರು ಸೇರಿ ಅಜ್ಜಿಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಕುರ್ಚಿ ಸಮೇತ ಮೇಲಕ್ಕೆ ಹೊತ್ತಿದ್ದಾರೆ. ಡಾಕ್ಟರ್ ಬೀಗದ ಕೈ ಎಲ್ಲಿದೆ ಎಂದು ಹೇಳಿದ್ದಾರೆ. ಇಬ್ಬರೂ ಈಗ ನನ್ನ ರ‍್ಯಾಕಿನ ಕೋಣೆಯಲ್ಲೇ ಇದ್ದಾರೆ, ಅದೊಂದು ಕಡೆ ಸೋರುತ್ತಿಲ್ಲ. ಇಷ್ಟು ಹೇಳಿ, ತಗೋ, ಇವಳು ಮಾತಾಡಬೇಕಂತೆ ಎಂದು ಫೋನ್ ಕೊಟ್ಟರು.

ಅಜ್ಜಿ ಮೊದಲು ನೆಲದ ಮಾತಾಡಿದರು. ಎಷ್ಟೋ ವರ್ಷದ ಮೇಲೆ ನೋಡುತ್ತಿದ್ದೇನೆ, ಹಸಿರು ಸ್ವಲ್ಪ ಮಂಕಾಗಿದೆ, ಬಿಳಿ ಹಾಗೇ ಇದೆ ಎಂದರು. ನಾಲ್ಕು ತೂತಿನಲ್ಲಿ ಮೂರು ನೇರ ಇವೆ, ಒಂದು ಸೊಟ್ಟ, ಯಾರು ಗುರುತು ಹಾಕಿದ್ದು ಎಂದು ಕೇಳಿದರು. ಅವರ ಹಿಂದಿನಿಂದ ಯಜಮಾನರು ಕೆಮ್ಮಿದ್ದು ಕೇಳಿಸಿತು. ನಾನು ಹೆಸರು ಹೇಳದೆ ಮಾತು ತಿರುಗಿಸಿದೆ. ನಾನು ಈಗಲೇ ಹೊರಟು ಬರುತ್ತಿದ್ದೇನೆ ಅಜ್ಜಿ, ಪೆಟ್ಟಿಗೆ ತೀರಾ ಕೆಳಗಿದೆ ಎಂದೆ. ಅವರು ಫೋನ್ ಪಕ್ಕಕ್ಕಿಟ್ಟರು. ಕುರ್ಚಿ ಕಿರುಗುಟ್ಟಿದ ಸದ್ದು ಬಂತು, ಬಳೆಯ ಸದ್ದು ಬಂತು.

“ನಿನ್ನ ಬೀರೂನ ಎರಡು ಕೈಲೂ ತಳ್ಳಿ ನೋಡ್ದೆ ಕಣವ್ವ. ಅಲ್ಲಾಡ್ಲಿಲ್ಲ. ಇಲ್ಲಿ ತರೆ ಒಣಗೇ ಅದೆ. ನೀನು ಮನೇಲೇ ಇರು.”

ನಾನು ರೇನ್‌ಕೋಟ್ ಬಿಚ್ಚಿ ಬಾಗಿಲ ಹಿಂದೆ ನೇತುಹಾಕಿದೆ.